ರಬ್ಬರಿಗೆ ಬೆಲೆ ಇದೆ, ನೋಡಿದ್ದಕ್ಕೆ ಇಲ್ಲ

– ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ, ಅಮೃತೂರು

“ಓದದಿದ್ದರೆ ಗ್ಯಾರೇಜಿಗೆ ಹೋಗು!”

ಈ ಮಾತು ಕೇಳದ ಹುಡುಗ ನಮ್ಮ ಕಾಲೇಜಿನಲ್ಲಿ ಇರಲಾರ. ಮನೆಯಲ್ಲಿ ಅಬ್ಬಾ ಹೇಳುತ್ತಾರೆ. ಟೆಸ್ಟ್ ಪೇಪರ್ ಹಂಚುವಾಗ ಗುರುಗಳು ಹೇಳುತ್ತಾರೆ. ಮದುವೆ ಮನೆಯಲ್ಲಿ ಸಿಕ್ಕ ದೂರದ ಸಂಬಂಧಿಕರೂ ಬಿರಿಯಾನಿ ತಟ್ಟೆ ಹಿಡಿದುಕೊಂಡೇ ಹೇಳುತ್ತಾರೆ. ಎಲ್ಲರೂ ನಮ್ಮ ಒಳ್ಳೆಯದಕ್ಕೇ ಹೇಳುವುದು, ಅದು ನನಗೆ ಗೊತ್ತು. ನಾನೂ ನನ್ನ ತಮ್ಮನಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಕಳೆದ ಬೇಸಿಗೆ ರಜೆಯ ನಂತರ ಹೇಳುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ತಿಳಿಸಲು ಒಂದು ಹಳೆಯ ಕಾರಿನ ವಿಷಯ ಹೇಳಬೇಕು.

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಾನು ದಿನಾ ಮಾಮುವಿನ ಗ್ಯಾರೇಜಿಗೆ ಹೋಗುತ್ತಿದ್ದೆ. ರಿಪೇರಿ ಕಲಿಯಲು ಅಲ್ಲ, ಲೆಕ್ಕ ಬರೆಯಲು. ಯಾರು ಎಷ್ಟು ಕೊಡಬೇಕು ಎಂಬುದನ್ನು ಮಾಮು ಗೋಡೆಯ ಕ್ಯಾಲೆಂಡರಿನಲ್ಲಿ, ತಾರೀಖಿನ ಪಕ್ಕದಲ್ಲಿ ಗುರುತು ಹಾಕುತ್ತಿದ್ದರು. ತಿಂಗಳು ಮುಗಿದು ಹಾಳೆ ಹರಿದರೆ ಸಾಲವೂ ಹರಿದಂತೆ. ‘ಕಾಮರ್ಸ್ ಓದ್ತೀಯಲ್ಲ, ಇದನ್ನ ಸರಿ ಮಾಡು’ ಎಂದು ಅಮ್ಮಿ ನನ್ನನ್ನು ಅಲ್ಲಿಗೆ ಕಳಿಸಿದರು.

ಗ್ಯಾರೇಜಿನಲ್ಲಿ ಮಾಮುವಿನ ಜೊತೆ ಅವರ ದೊಡ್ಡ ಮಗ ಇದ್ದಾನೆ. ನನಗಿಂತ ಎರಡು ವರ್ಷ ದೊಡ್ಡವನು, ನಾನು ಭಾಯಿ ಎನ್ನುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು, ಮತ್ತೆ ಕಟ್ಟಲಿಲ್ಲ. ಅಂದರೆ ಆ ಬೆದರಿಕೆ ನಮ್ಮ ಕುಟುಂಬದಲ್ಲಿ ನಿಜವಾದದ್ದು ಅವನ ಪಾಲಿಗೆ. ನೆಂಟರ ಮನೆಗಳಲ್ಲಿ ಅವನನ್ನು ತೋರಿಸಿ ಚಿಕ್ಕ ಮಕ್ಕಳಿಗೆ ಬುದ್ಧಿ ಹೇಳುವುದನ್ನು ನಾನು ನೋಡಿದ್ದೇನೆ. ಅವನು ಅಲ್ಲೇ ಕೂತಿರುತ್ತಿದ್ದ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಗ್ಯಾರೇಜಿನ ಮುಂದೆ ಬಿಳಿಯ ಕಾಂಟೆಸಾ ಬಂದು ನಿಂತಿತು. ನನ್ನ ವಯಸ್ಸಿನವರು ಹೆಚ್ಚಿನವರು ಈ ಕಾರನ್ನು ನೋಡಿರುವುದು ಹಳೆಯ ಸಿನಿಮಾಗಳಲ್ಲಿ ಮಾತ್ರ. ಅಂಬಾಸಡರ್ ಮಾಡುತ್ತಿದ್ದ ಹಿಂದುಸ್ತಾನ್ ಮೋಟರ್ಸ್ ಕಂಪನಿಯೇ ಇದನ್ನೂ ಮಾಡುತ್ತಿತ್ತು. 1984ರಲ್ಲಿ ಬಂತು, 2002ರಲ್ಲಿ ನಿಂತುಹೋಯಿತು. ಮೂಲ ವಿನ್ಯಾಸ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಎಂಬ 1970ರ ದಶಕದ ಕಾರಿನದು. ಉದ್ದನೆಯ ಬಾನೆಟ್, ಅಗಲವಾದ ಮೈ, ಮುಂದೆ ದುಂಡು ದೀಪಗಳ ಜೋಡಿ. ಈ ಗತ್ತಿಗಾಗಿಯೇ ಹಳೇ ಕಾರುಗಳ ಹುಚ್ಚಿರುವವರು ಅದನ್ನು ‘ಭಾರತದ ಮಸಲ್ ಕಾರು’ ಎನ್ನುತ್ತಾರೆ. ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿಟಿಒ ಕಾಲದಿಂದ ಬಂದ ಮಸಲ್ ಕಾರುಗಳೆಂದರೆ ಎಂಟು ಸಿಲಿಂಡರಿನ ದೈತ್ಯ ಎಂಜಿನ್ನಿನವು. ನಮ್ಮ ಕಾಂಟೆಸಾಕ್ಕೆ ಮೊದಲು ಹಾಕಿದ್ದು ಅಂಬಾಸಡರಿನಂಥದೇ 1.5 ಲೀಟರಿನ ಎಂಜಿನ್. ಆಮೇಲೆ ಇಸುಝು ಕಂಪನಿಯ 1.8 ಲೀಟರಿನದು ಬಂದ ಮೇಲೆ ಗಾಡಿಗೆ ಸ್ವಲ್ಪ ಜೀವ ಬಂತಂತೆ. ‘ಪೈಲ್ವಾನನ ಮೈ, ಮೇಷ್ಟ್ರ ನಡಿಗೆ’ ಎಂದು ಮಾಮು ನಕ್ಕರು.

ಬಂದ ಗಾಡಿ 1995ರದು. ಯಜಮಾನರು ನಮ್ಮ ಹೋಬಳಿಯವರೇ, ತೆಂಗಿನ ತೋಟದವರು. ಕಾರಿನ ಮುಂಭಾಗ ನೆಲ ಮೂಸುವ ಹಾಗೆ ಬಗ್ಗಿತ್ತು. ಅದರಲ್ಲೂ ಬಲಗಡೆ, ಡ್ರೈವರ್ ಕೂರುವ ಕಡೆ, ಇನ್ನೂ ಸ್ವಲ್ಪ ಕೆಳಗಿತ್ತು. ಹಂಪ್ ಮೇಲೆ ಹತ್ತಿ ಇಳಿದರೆ ಒಳಗೆ ‘ಧಡ್’ ಎಂದು ಹೊಡೆಯುತ್ತಿತ್ತಂತೆ. ಡಿಕ್ಕಿಯಲ್ಲಿ ಕಾಯಿ ತುಂಬಿದರೆ ಗಾಡಿ ಹಿಂದೆ ಕೂರಬೇಕು, ಇದು ಮುಂದೆ ಕೂತಿತ್ತು.

‘ಸಾಬ್ರೇ, ಹದಿನೈದು ದಿನದಲ್ಲಿ ಆರ್‌ಟಿಒಗೆ ತಗೊಂಡು ಹೋಗ್ಬೇಕು. ಎರಡು ರಬ್ಬರ್ ಹಾಕಿ ಎತ್ತಿಬಿಡಿ. ನೋಡೋಕೆ ನೆಟ್ಟಗಿದ್ರೆ ಸಾಕು’ ಎಂದರು.

ಅವರ ಆತುರಕ್ಕೆ ಕಾರಣವಿತ್ತು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಅದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಅಷ್ಟು ಕಟ್ಟಿ ಗಾಡಿ ತಿರಸ್ಕಾರವಾದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ?

ನಾನು ಕೂಡಲೇ ಲೆಕ್ಕ ಹಾಕಿದೆ. ರಬ್ಬರ್ ಬಫರ್ ಜೋಡಿಗೆ 1,600, ಕೂಲಿ 400, ಒಟ್ಟು 2,000. ಅರ್ಧ ದಿನದ ಕೆಲಸ. ಗಿರಾಕಿಗೂ ಸಂತೋಷ, ನಮಗೂ ಲಾಭ. ‘ಮಾಮು, ಹಾಕಿಬಿಡಿ’ ಎಂದೆ. ತರಗತಿಯಲ್ಲಿ ಕಲಿತ ಬುದ್ಧಿಯೆಲ್ಲ ಅದನ್ನೇ ಹೇಳುತ್ತಿತ್ತು.

ಭಾಯಿ ಮಾತ್ರ ಕಾರಿನ ಕೆಳಗೆ ಬಗ್ಗಿ ಟಾರ್ಚ್ ಹಾಕಿ ನೋಡಿ, ‘ರಬ್ಬರ್ ಆಗಲೇ ಇದೆ’ ಎಂದ.

ಎರಡು ವರ್ಷದ ಹಿಂದೆ ಬೇರೆ ಯಾವುದೋ ಊರಲ್ಲಿ ಯಾರೋ ಹಾಕಿದ್ದರು. ಅದರ ಮೇಲೂ ಗಾಡಿ ಕೂತಿತ್ತು. ಮಾಮು ಯಜಮಾನರಿಗೆ, ‘ಬಿಚ್ಚಿ ನೋಡಿ ಹೇಳ್ತೀನಿ ಗೌಡ್ರೇ. ನೋಡದೆ ಹಾಕಲ್ಲ’ ಎಂದರು. ಗೌಡರಿಗೆ ಅಷ್ಟು ಹಿಡಿಸಲಿಲ್ಲ. ಆದರೂ ಗಾಡಿ ಬಿಟ್ಟು ಹೋದರು.

ಇಲ್ಲಿ ಸ್ವಲ್ಪ ನಿಂತು, ಗಾಡಿ ‘ಕೂರುವುದು’ ಎಂದರೇನು ಎಂದು ಹೇಳುತ್ತೇನೆ. ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ.

ಕಾಂಟೆಸಾದ ಮುಂದಿನ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಉಕ್ಕಿನ ತೋಳು ಇರುತ್ತದೆ. ಆ ತೋಳಿನ ಮೇಲೆ ದಪ್ಪ ಕಾಯಿಲ್ ಸ್ಪ್ರಿಂಗ್ ನಿಂತಿರುತ್ತದೆ. ಕಾರಿನ ಮುಂಭಾಗದ ಭಾರ ಹೊರುವುದು ಈ ಸ್ಪ್ರಿಂಗು. ಪಕ್ಕದಲ್ಲಿರುವ ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಸ್ಪ್ರಿಂಗಿನ ಕುಣಿತವನ್ನು ನಿಲ್ಲಿಸುತ್ತದೆ ಅಷ್ಟೇ. ಅದಕ್ಕೇ ಗಾಡಿ ಕೂತಾಗ ಹೊಸ ಶಾಕ್ ಹಾಕಿಸಿದರೆ ದುಡ್ಡು ಹೋಗುತ್ತದೆ, ಗಾಡಿ ಏಳುವುದಿಲ್ಲ. ಎಷ್ಟೋ ಜನ ಈ ತಪ್ಪು ಮಾಡುತ್ತಾರಂತೆ.

ಅಂಬಾಸಡರಿನ ಕಥೆ ಬೇರೆ. ಅದರ ಮುಂದೆ ಕಾಯಿಲ್ ಸ್ಪ್ರಿಂಗ್ ಬದಲು ಉದ್ದನೆಯ ಉಕ್ಕಿನ ಸಲಾಕೆ ಇದೆ, ಟಾರ್ಷನ್ ಬಾರ್. ಸಲಾಕೆ ತಿರುಚಿಕೊಂಡು ಭಾರ ಹೊರುತ್ತದೆ. ಅಮೆರಿಕದ ಡಾಡ್ಜ್, ಪ್ಲಿಮತ್ ಮಸಲ್ ಕಾರುಗಳಲ್ಲೂ ಮುಂದೆ ಇದೇ ವ್ಯವಸ್ಥೆ. ಅವುಗಳಲ್ಲಿ ಒಂದು ಬೋಲ್ಟ್ ತಿರುಗಿಸಿದರೆ ಮುಂಭಾಗ ಮೇಲೇಳುತ್ತದೆ. ಕಾಯಿಲ್ ಸ್ಪ್ರಿಂಗಿಗೆ ಆ ಅನುಕೂಲವಿಲ್ಲ. ಮೂವತ್ತು ವರ್ಷ ಭಾರ ಹೊತ್ತ ಉಕ್ಕು ಸ್ವಲ್ಪ ಸ್ವಲ್ಪವೇ ತನ್ನ ಎತ್ತರ ಕಳೆದುಕೊಳ್ಳುತ್ತದೆ. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ‘ಸವಕಳಿ’ ಎಂಬ ಅಧ್ಯಾಯ ಓದಿದ್ದೇವಲ್ಲ, ಆ ಪದದ ನಿಜವಾದ ಅರ್ಥ ನನಗೆ ಅಂದು ಕಣ್ಣಿಗೆ ಕಂಡಿತು.

ಕೂತ ಸ್ಪ್ರಿಂಗನ್ನು ಎಬ್ಬಿಸಲು ಜನ ಮಾಡುವ ಉಪಾಯಗಳು ಹಲವು. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಎಳೆಯುವವರಿದ್ದಾರೆ. ಹಾಗೆ ಕಾಯಿಸಿದರೆ ಸ್ಪ್ರಿಂಗಿನ ಹದ ಹೋಗುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ಕೂರುತ್ತದೆ. ಸುತ್ತುಗಳ ನಡುವೆ ರಬ್ಬರ್ ತುರುಕುವುದು ಇನ್ನೊಂದು. ಇದರಿಂದ ಗಾಡಿ ಎದ್ದು ನಿಲ್ಲುವುದು ನಿಜ. ಆದರೆ ರಬ್ಬರ್ ಕಚ್ಚಿಕೊಂಡ ಕಡೆ ಸುತ್ತುಗಳು ಕೆಲಸ ಮಾಡುವುದಿಲ್ಲ. ಎಲ್ಲ ಸುತ್ತು ಹಂಚಿಕೊಳ್ಳಬೇಕಾದ ಕೆಲಸ ಉಳಿದವುಗಳ ಮೇಲೆ ಬೀಳುತ್ತದೆ, ಗಾಡಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಒಳ್ಳೆಯ ಸ್ಪ್ರಿಂಗ್ ಇದ್ದು ಭಾರ ಮಾತ್ರ ಜಾಸ್ತಿಯಾದರೆ ರಬ್ಬರಿಗೂ ಒಂದು ಕೆಲಸ ಇರಬಹುದು. ಸ್ಪ್ರಿಂಗಿಗೇ ಏನಾಗಿದೆ ಎಂದು ನೋಡದೆ ತುರುಕಿದರೆ ಅದು ರಿಪೇರಿ ಅಲ್ಲ, ಮುಚ್ಚಿಡುವುದು.

ಭಾಯಿ ಹೇಗೆ ನೋಡಿದ ಎಂಬುದನ್ನು ಬರೆಯಲೇಬೇಕು.

ಮೊದಲು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿದ. ಡಿಕ್ಕಿ ಖಾಲಿ ಮಾಡಿದ. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಿಡಿದ. ಬಾನೆಟ್ ಮೇಲೆ ಕೈಯೂರಿ ಮೂರು ನಾಲ್ಕು ಸಲ ಕುಲುಕಿ, ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ತನ್ನಷ್ಟಕ್ಕೆ ತಾನೇ ನಿಲ್ಲಲು ಬಿಟ್ಟ. ಆಮೇಲೆ ಟೇಪ್ ಹಿಡಿದು ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದ. ‘ನೆಲದಿಂದ ಯಾಕೆ ಅಳೆಯಲ್ಲ?’ ಎಂದು ಕೇಳಿದೆ. ‘ಟೈರ್ ಒಂದು ಸವೆದಿರುತ್ತೆ, ಒಂದು ಹೊಸದಿರುತ್ತೆ. ನೆಲದಿಂದ ಅಳೆದರೆ ಟೈರಿನ ತಪ್ಪು ಸ್ಪ್ರಿಂಗಿನ ಮೇಲೆ ಬರುತ್ತೆ’ ಎಂದ. ಎಡಕ್ಕಿಂತ ಬಲ ಏಳು ಸೂತು ಕಡಿಮೆ. ಗ್ಯಾರೇಜಿನ ಲೆಕ್ಕದಲ್ಲಿ ಎಂಟು ಸೂತಿಗೆ ಒಂದು ಇಂಚು. ಗಣಿತದಲ್ಲಿ ಫೇಲಾದವನು ಏಳರ ಎಂಟನೇ ಒಂದು ಭಾಗವನ್ನು ಬೆರಳ ತುದಿಯಲ್ಲಿ ಹೇಳುತ್ತಿದ್ದ. ತಪ್ಪಾಯಿತು, ಎಂಟನೇ ಏಳು ಭಾಗ ಎನ್ನಬೇಕು. ನೋಡಿ, ಪಾಸಾದವನು ನಾನೇ ತಪ್ಪಿದೆ.

ನಂತರ ಜಾಕಿ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಕಳಚಿದರು. ಸ್ಪ್ರಿಂಗ್ ತೆಗೆಯುವ ಕೆಲಸಕ್ಕೆ ಮಾಮು ನನ್ನನ್ನು ದೂರ ನಿಲ್ಲಿಸಿದರು. ಒತ್ತಿಕೊಂಡಿರುವ ಸ್ಪ್ರಿಂಗ್ ಕೈತಪ್ಪಿ ಚಿಮ್ಮಿದರೆ ಮೂಳೆ ಉಳಿಯುವುದಿಲ್ಲ. ಅದಕ್ಕೆಂದೇ ಇರುವ ಕಂಪ್ರೆಸರ್ ಹಾಕಿ ಬಿಗಿದು, ಸ್ಪ್ರಿಂಗಿಗೂ ತೋಳಿಗೂ ಸರಪಳಿ ಸುತ್ತಿ, ಕೆಳತೋಳಿನ ಕೆಳಗೆ ಜಾಕಿ ಇಟ್ಟು ಎಳೆ ಎಳೆಯಾಗಿ ಇಳಿಸಿದರು. ಆ ಹತ್ತು ನಿಮಿಷ ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ.

ಬಲಗಡೆಯ ಸ್ಪ್ರಿಂಗ್ ಹೊರಬಂದಾಗ ಅದರ ಕೊನೆಯ ಸುತ್ತು ಮುರಿದಿತ್ತು. ಬೆರಳುದ್ದದ ತುಂಡು ಕೆಸರಿನ ಜೊತೆ ಕೆಳಗಿನ ಗುಂಡಿಯಲ್ಲಿ ಕೂತಿತ್ತು. ನೀರು, ಕೆಸರು ನಿಲ್ಲುವುದು ಅಲ್ಲೇ, ತುಕ್ಕು ಹಿಡಿಯುವುದೂ ಅಲ್ಲೇ. ಮುರಿದ ಜಾಗ ಹೊಳೆಯುತ್ತಿರಲಿಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು. ಅಂದರೆ ಮುರಿದದ್ದು ನಿನ್ನೆ ಮೊನ್ನೆ ಅಲ್ಲ. ರಬ್ಬರ್ ಹಾಕಿ ಎತ್ತಿ ನಿಲ್ಲಿಸಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಸಂಜೆ ಬಂದ ಗೌಡರ ಕೈಗೆ ಮಾಮು ಆ ತುಂಡನ್ನು ಕೊಟ್ಟರು. ಮುರಿದ ತುದಿ ಜಾರಿ ಟೈರಿಗೆ ತಾಗಿದರೆ ಓಡುತ್ತಿರುವಾಗಲೇ ಟೈರ್ ಸೀಳಬಹುದಿತ್ತು ಎಂದರು. ಗೌಡರು ಬೆಂಚಿನ ಮೇಲೆ ಕೂತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಹೋದ ವಾರ ಮೊಮ್ಮಕ್ಕಳನ್ನ ಕೂರಿಸ್ಕೊಂಡು ಇದರಲ್ಲೇ ಯಡಿಯೂರಿಗೆ ಹೋಗಿದ್ದೆ’ ಎಂದರು. ಮತ್ತೆ ರಬ್ಬರಿನ ಮಾತು ಎತ್ತಲಿಲ್ಲ.

ನಾನು ಮಾತ್ರ ಲೆಕ್ಕದ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತೆ. ಬೆಳಿಗ್ಗೆ ‘ಹಾಕಿಬಿಡಿ’ ಎಂದವನು ನಾನೇ ಅಲ್ಲವೇ?

ಕೆಲಸ ಒಂಬತ್ತು ದಿನ ಹಿಡಿಯಿತು. ಕಾಂಟೆಸಾದ ಹೊಸ ಸ್ಪ್ರಿಂಗ್ ಅಂಗಡಿಯಲ್ಲಿ ಸಿಗುವುದಿಲ್ಲ, ಮಾಡಿಸಬೇಕು. ಮಾಡಿಸಲು ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ, ಬಿಡಿಯಾಗಿ ನಿಂತಾಗಿನ ಎತ್ತರ ಇಷ್ಟೂ ಬೇಕು. ಮೊದಲ ಮೂರನ್ನು ಹಳೆಯದರಿಂದ ಅಳೆಯಬಹುದು. ಆದರೆ ಕೂತ ಸ್ಪ್ರಿಂಗಿನಿಂದ ಮೂಲ ಎತ್ತರ ತಿಳಿಯುವುದು ಹೇಗೆ? ಅದಕ್ಕಾಗಿ ಮಾಮು ಬೆಂಗಳೂರಿನ ಹಳೆಯ ಮೇಸ್ತ್ರಿಗಳಿಗೆ ಫೋನಿನ ಮೇಲೆ ಫೋನು ಮಾಡಿದರು. ಎಡಗಡೆಯದು ಮುರಿದಿರದಿದ್ದರೂ ಎರಡನ್ನೂ ಜೋಡಿಯಾಗಿ ಬದಲಾಯಿಸಿದರು. ಒಂದು ಹೊಸದು ಒಂದು ಹಳೆಯದು ಹಾಕಿದರೆ ಗಾಡಿ ಮತ್ತೆ ಸೊಟ್ಟ ನಿಲ್ಲುತ್ತದೆ.

ತೋಳುಗಳ ರಬ್ಬರ್ ಬುಷ್‌ಗಳೂ ಹರಿದಿದ್ದವು. ಅವನ್ನು ಹಾಕುವಾಗ ಭಾಯಿ ಬೋಲ್ಟುಗಳನ್ನು ಪೂರ್ತಿ ಬಿಗಿಯಲಿಲ್ಲ. ಚಕ್ರ ಹಾಕಿ, ಗಾಡಿ ನೆಲಕ್ಕೆ ಇಳಿಸಿ, ಕುಲುಕಿ, ಅದು ತನ್ನ ಎತ್ತರಕ್ಕೆ ನಿಂತ ಮೇಲೆ ಕೆಳಗೆ ನುಸುಳಿ ಬಿಗಿದ. ಚಕ್ರ ನೇತಾಡುತ್ತಿರುವಾಗಲೇ ಬಿಗಿದುಬಿಟ್ಟರೆ ಇಳಿಸಿದ ಕೂಡಲೇ ಬುಷ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ಈ ಒಂದು ಮಾತು ತಿಳಿಯದೆ ಹೊಸ ಬುಷ್ ಹಾಳು ಮಾಡುವವರು ಬಹಳ ಎಂದು ಮಾಮು ಹೇಳಿದರು. ಕೊನೆಗೆ ವೀಲ್ ಅಲೈನ್‌ಮೆಂಟ್. ಗಾಡಿಯ ಎತ್ತರ ಬದಲಾದರೆ ಚಕ್ರಗಳ ಓರೆಯೂ ಬದಲಾಗುತ್ತದೆ, ಅದನ್ನು ಬಿಟ್ಟರೆ ಟೈರ್ ಒಂದೇ ಕಡೆ ಸವೆಯುತ್ತದೆ. ಹೆಡ್‌ಲೈಟ್ ಕೂಡ ಹೊಸದಾಗಿ ಹೊಂದಿಸಬೇಕು, ಇಲ್ಲದಿದ್ದರೆ ಬೆಳಕು ಮರದ ತುದಿಗೆ ಬೀಳುತ್ತದೆ.

ಈಗ ಬಿಲ್ಲಿನ ವಿಷಯ. ನಾನು ಈ ಲೇಖನ ಬರೆಯಲು ನಿಜವಾದ ಕಾರಣ ಇದೇ.

ಸ್ಪ್ರಿಂಗ್ ಜೋಡಿ 7,000. ಬುಷ್‌ಗಳು 2,200. ಅಲೈನ್‌ಮೆಂಟ್ 600. ಕೂಲಿ 3,000. ಒಟ್ಟು 12,800. ಇದರ ಕೆಳಗೆ ನಾನು ನನ್ನದೇ ಬುದ್ಧಿಯಿಂದ ಒಂದು ಸಾಲು ಸೇರಿಸಿದೆ: ‘ತಪಾಸಣೆ – 300’. ಒಟ್ಟು 13,100.

ಗೌಡರು ಬಿಲ್ ಓದಿದರು. ಸ್ಪ್ರಿಂಗಿಗೆ ಒಂದು ಮಾತೂ ಆಡಲಿಲ್ಲ. ಬುಷ್‌ಗೆ ಆಡಲಿಲ್ಲ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ‘ಇದೇನು ಸಾಬ್ರೇ, ನೋಡಿದ್ದಕ್ಕೂ ದುಡ್ಡಾ?’ ಎಂದು ನಕ್ಕರು. ನಾನು ಬಾಯಿ ತೆರೆಯುವ ಮೊದಲೇ ಮಾಮು ‘ನಕ್ಕೋ, ನಕ್ಕೋ’ ಎನ್ನುತ್ತಾ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಆ ಸಾಲನ್ನು ಹೊಡೆದುಹಾಕಿದರು. ಅವರ ಮುಖದಲ್ಲಿ ನಾಚಿಕೆ ಇತ್ತು, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ.

ಗೌಡರು ಕೆಟ್ಟವರಲ್ಲ. ಪೂರ್ತಿ ದುಡ್ಡು ಅಂದೇ ಕೊಟ್ಟರು, ಮಾರನೆಯ ದಿನ ಒಂದು ಚೀಲ ತೆಂಗಿನಕಾಯಿ ಕಳಿಸಿದರು. ಅದನ್ನು ಯಾವ ಖಾತೆಗೆ ಬರೆಯಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ಆದರೆ ಅವರ ಮೊಮ್ಮಕ್ಕಳ ಜೀವಕ್ಕೆ ಇದ್ದ ಅಪಾಯವನ್ನು ಕಂಡುಹಿಡಿದದ್ದು ಸ್ಪ್ರಿಂಗೂ ಅಲ್ಲ, ಬುಷ್ಷೂ ಅಲ್ಲ, ಆ ‘ನೋಡಿದ್ದು’. ಬಿಲ್ಲಿನಲ್ಲಿ ಹೊಡೆದುಹೋದದ್ದು ಅದೊಂದೇ ಸಾಲು.

ಡಾಕ್ಟರು ನಾಡಿ ಹಿಡಿದು ನೋಡಿದ್ದಕ್ಕೆ ಫೀಸ್ ಕೊಡುತ್ತೇವೆ. ಲೆಕ್ಕಪರಿಶೋಧಕರು ಪುಸ್ತಕ ನೋಡಿದ್ದಕ್ಕೆ ಕೊಡುತ್ತೇವೆ. ನಾನೂ ಮುಂದೆ ಸಿಎ ಆಗಬೇಕೆಂದಿದ್ದೇನೆ. ಆದರೆ ಬದುಕಿನುದ್ದಕ್ಕೂ ನನ್ನ ಕೆಲಸ ಇನ್ನೊಬ್ಬರ ಲೆಕ್ಕ ನೋಡುವುದು, ಅದಕ್ಕೇ ದುಡ್ಡು ತೆಗೆದುಕೊಳ್ಳುವುದು. ಮೆಕ್ಯಾನಿಕ್ ನೋಡಿದರೆ ಮಾತ್ರ ಅದು ಪುಕ್ಕಟೆ. ಹಾಗಾದರೆ ಗ್ಯಾರೇಜಿನವನಿಗೆ ದುಡ್ಡು ಎಲ್ಲಿಂದ ಬರಬೇಕು? ವಸ್ತು ಮಾರಿ. ರಬ್ಬರ್ ಹಾಕಿದರೆ ಅರ್ಧ ದಿನಕ್ಕೆ 400 ಕೂಲಿ, ಜೊತೆಗೆ ರಬ್ಬರಿನಲ್ಲಿ ಒಂದಿಷ್ಟು ಲಾಭ. ಮಾಮುವಿಗೆ ಒಂಬತ್ತು ದಿನ ಜಾಗ ಹಿಡಿದುಕೊಂಡ ಕೆಲಸಕ್ಕೆ ಸಿಕ್ಕಿದ್ದು 3,000. ನಾನು ಲೆಕ್ಕ ಮಾಡಿ ನೋಡಿದೆ, ದಿನಕ್ಕೆ 333 ರೂಪಾಯಿ, ಅದರಲ್ಲಿ ಇಬ್ಬರು. ಮೋಸದ ಕೆಲಸಕ್ಕೆ ಬೆಲೆ ಕಟ್ಟಿ, ಪ್ರಾಮಾಣಿಕ ಕೆಲಸವನ್ನು ಬಿಟ್ಟಿ ಮಾಡಿಸಿಕೊಂಡು, ಆಮೇಲೆ ‘ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು’ ಎನ್ನುವುದು ಯಾವ ನ್ಯಾಯ?

ನಾವು ಚಿಕ್ಕಂದಿನಲ್ಲಿ ಕೇಳಿದ ಪ್ರಸಂಗವೊಂದಿದೆ. ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿ ಮೇಲೆ ಒಣಗಿದ ಧಾನ್ಯ ಹರಡಿ ಕೆಳಗೆ ಒದ್ದೆಯಾದದ್ದನ್ನು ಇಟ್ಟಿದ್ದ. ಪ್ರವಾದಿಯವರು (ಸ) ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮೋಸ ಮಾಡಬಾರದು ಎಂಬ ನೀತಿಯನ್ನು ಎಲ್ಲರೂ ಇದರಿಂದ ತೆಗೆಯುತ್ತೇವೆ. ನಾನು ಈಗ ಇನ್ನೊಂದನ್ನೂ ಗಮನಿಸುತ್ತೇನೆ: ಅವರು ರಾಶಿಯನ್ನು ದೂರದಿಂದ ಮೆಚ್ಚಿ ಹೋಗಲಿಲ್ಲ, ಒಳಗೆ ಕೈ ಹಾಕಿ ನೋಡಿದರು.

ನಮ್ಮ ವಿಷಯಕ್ಕೆ ಬಂದರೆ, ನಷ್ಟದ ಕಂಪನಿ ತನ್ನ ಲೆಕ್ಕವನ್ನು ಚೆಂದ ಕಾಣುವಂತೆ ತೋರಿಸುವುದಕ್ಕೆ ಅಕೌಂಟೆನ್ಸಿಯಲ್ಲಿ ‘ವಿಂಡೋ ಡ್ರೆಸಿಂಗ್’ ಎನ್ನುತ್ತೇವೆ. ಸ್ಪ್ರಿಂಗಿನಲ್ಲಿ ತುರುಕಿದ ರಬ್ಬರ್ ಅದೇ ಅಲ್ಲವೇ? ಪರೀಕ್ಷೆಗೆ ಹತ್ತು ದಿನ ಇರುವಾಗ ನಾವು ಓದುವ ಗೆಸ್ ಪೇಪರ್ ಕೂಡ ಅದೇ. ಆರ್‌ಟಿಒ ಮುಂದೆ ನೆಟ್ಟಗೆ ನಿಂತರೆ ಸಾಕು ಎಂಬ ಗೌಡರಿಗೂ, ಪರೀಕ್ಷೆಯಲ್ಲಿ ಪಾಸಾದರೆ ಸಾಕು ಎಂಬ ನಮಗೂ ಏನು ವ್ಯತ್ಯಾಸ? ಮುರಿದ ಸುತ್ತು ಒಳಗೇ ಇರುತ್ತದೆ.

ಸವಕಳಿಯ ಬಗ್ಗೆ ಇನ್ನೊಂದು ಮಾತು. ಕಾರಿಗೆ ಶೇಕಡಾ 15ರಂತೆ ಇಳಿಕೆ ಶೇಷ ಪದ್ಧತಿಯಲ್ಲಿ ಸವಕಳಿ ಕಳೆದರೆ, ಒಂದು ಲಕ್ಷದ ಕಾರು ಮೂವತ್ತು ವರ್ಷಕ್ಕೆ ಸುಮಾರು 763 ರೂಪಾಯಿಗೆ ಬರುತ್ತದೆ. ಪುಸ್ತಕದ ಪ್ರಕಾರ ಅಂಥ ಕಾರಿಗೆ 12,800 ಖರ್ಚು ಮಾಡುವುದು ಹುಚ್ಚು. ಆದರೆ ಪುಸ್ತಕ ಆ ಕಾರಿನ ಕೆಳಗೆ ಬಗ್ಗಿ ನೋಡಿಲ್ಲ. ಮನುಷ್ಯರಿಗೂ ನಾವು ಹೀಗೆಯೇ ಸವಕಳಿ ಹಾಕುತ್ತೇವೆ. ಒಂದು ವಿಷಯದಲ್ಲಿ ಫೇಲಾದ ಕೂಡಲೇ ಹುಡುಗನ ಬೆಲೆ ವರ್ಷ ವರ್ಷ ಇಳಿಸುತ್ತಾ ಹೋಗುತ್ತೇವೆ, ಅವನು ಏನು ಕಲಿಯುತ್ತಿದ್ದಾನೆ ಎಂದು ನೋಡುವುದೇ ಇಲ್ಲ.

ಹಾಗೆಂದು ‘ಓದು ಬಿಡಿ, ಗ್ಯಾರೇಜಿಗೆ ಬನ್ನಿ’ ಎಂದು ನಾನು ಹೇಳುತ್ತಿಲ್ಲ. ಮಾಮುವಿಗೆ ಐವತ್ತು ದಾಟುವ ಮೊದಲೇ ಬೆನ್ನು ಹೋಗಿದೆ. ಪಿಂಚಣಿ ಇಲ್ಲ, ರಜೆ ಇಲ್ಲ, ಬೆರಳಿಗೆ ಪೆಟ್ಟಾದ ದಿನ ಕೂಲಿಯೂ ಇಲ್ಲ. ತಮ್ಮ ಚಿಕ್ಕ ಮಗನನ್ನು ಅವರೇ ಗ್ಯಾರೇಜಿನ ಒಳಗೆ ಬಿಡುವುದಿಲ್ಲ. ‘ಅವನು ಓದಲಿ’ ಎನ್ನುತ್ತಾರೆ. ಅವರ ಮಾತು ತಪ್ಪಲ್ಲ. ಆ ಕೆಲಸ ಕಷ್ಟದ್ದು ಎಂಬುದು ಸತ್ಯ. ಅದರಲ್ಲಿ ಬುದ್ಧಿಯೇ ಬೇಡ ಎಂಬುದು ಸುಳ್ಳು. ನಮ್ಮ ಬೆದರಿಕೆಯಲ್ಲಿ ಈ ಎರಡೂ ಬೆರೆತಿವೆ. ಅದೇ ಮಾತಿನಿಂದ ಓದುವ ಹುಡುಗನಿಗೆ ಕೈಕೆಲಸ ಕೀಳು ಎಂದು ಕಲಿಸುತ್ತೇವೆ. ಕೈಕೆಲಸಕ್ಕೆ ಹೋದ ಹುಡುಗನಿಗೆ ನಿನ್ನ ಕಲಿಕೆ ಮುಗಿಯಿತು ಎಂದು ಹೇಳಿಬಿಡುತ್ತೇವೆ.

ಆದ್ದರಿಂದ ನನ್ನ ಕೋರಿಕೆ ಮೂರು.

ಗುರುಗಳಲ್ಲಿ ಒಂದು: ದಯವಿಟ್ಟು ಗ್ಯಾರೇಜನ್ನು ಶಿಕ್ಷೆಯಂತೆ ಹೇಳಬೇಡಿ. ನಮ್ಮ ತರಗತಿಯಲ್ಲಿ ಕೂತಿರುವ ಎಷ್ಟೋ ಜನರ ಅಪ್ಪಂದಿರು ಅಲ್ಲಿಂದಲೇ ಫೀಸ್ ಕಟ್ಟುತ್ತಿದ್ದಾರೆ. ಆ ಮಾತು ಬಂದಾಗ ಅವರು ತಲೆ ತಗ್ಗಿಸುವುದನ್ನು ಹಿಂದಿನ ಬೆಂಚಿನಿಂದ ನಾನು ನೋಡಿದ್ದೇನೆ.

ವಾಣಿಜ್ಯ ವಿಭಾಗದಲ್ಲಿ ಒಂದು: ಪ್ರಾಜೆಕ್ಟ್ ಎಂದು ಎಲ್ಲರೂ ಒಂದೇ ಕಂಪನಿಯ ಬ್ಯಾಲೆನ್ಸ್ ಶೀಟ್ ನಕಲು ಮಾಡುವ ಬದಲು, ನಮ್ಮೂರಿನ ಗ್ಯಾರೇಜು, ವೆಲ್ಡಿಂಗ್ ಶಾಪು, ಟೈಲರ್ ಅಂಗಡಿಗಳಿಗೆ ಹೋಗಿ ಒಂದು ತಿಂಗಳ ಲೆಕ್ಕ ಬರೆದುಕೊಡೋಣ. ಅವರಿಗೆ ಬಿಲ್ಲಿನ ನಮೂನೆ ಮಾಡಿಕೊಡೋಣ. ಅದರಲ್ಲಿ ‘ತಪಾಸಣೆ’ ಎಂಬ ಸಾಲು ಅಚ್ಚಾಗಿಯೇ ಇರಲಿ. ಕೈಯಲ್ಲಿ ಬರೆದರೆ ಹೊಡೆದುಹಾಕುವುದು ಸುಲಭ, ಅಚ್ಚಾದದ್ದನ್ನು ಹೊಡೆಯಲು ಗಿರಾಕಿಯೂ ಸ್ವಲ್ಪ ಯೋಚಿಸುತ್ತಾನೆ.

ಗೆಳೆಯರಲ್ಲಿ ಒಂದು: ನಿಮ್ಮ ಮನೆಯಲ್ಲೂ ಒಬ್ಬ ಭಾಯಿ ಇರಬಹುದು. ಅವನಿಗೆ ದಾರಿಗಳು ಮುಚ್ಚಿಲ್ಲ ಎಂದು ತಿಳಿಸಿ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪಾಸಾದರೆ ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ಕೋರ್ಸ್ ಇದೆ. ಕೆಲಸ ಮಾಡುತ್ತಲೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರ ಸರ್ಕಾರದ ಕೌಶಲ ಯೋಜನೆಯಲ್ಲಿದೆ. ನಾನು ಭಾಯಿಗೆ ಹೇಳಿದೆ. ‘ಗಣಿತ ನೀನು ಹೇಳಿಕೊಟ್ಟರೆ ಕಟ್ಟುತ್ತೇನೆ’ ಎಂದಿದ್ದಾನೆ. ಭಾನುವಾರಗಳಂದು ಶುರು ಮಾಡಿದ್ದೇವೆ. ಭಿನ್ನರಾಶಿಯನ್ನು ಸೂತಿನಲ್ಲಿ ಹೇಳಿದರೆ ನನಗಿಂತ ಬೇಗ ಮಾಡುತ್ತಾನೆ.

ಕಳೆದ ವಾರ ನನ್ನ ತಮ್ಮ ಗಣಿತದಲ್ಲಿ 25ಕ್ಕೆ 9 ಅಂಕ ತಂದ. ಅಬ್ಬಾ ಹಳೆಯ ಮಾತು ಶುರು ಮಾಡಿ, ನಾನೂ ಸೇರಿಕೊಳ್ಳುತ್ತೇನೆಂದು ನನ್ನ ಮುಖ ನೋಡಿದರು. ನಾನು ತಮ್ಮನಿಂದ ಉತ್ತರ ಪತ್ರಿಕೆ ಇಸಿದುಕೊಂಡೆ. ‘ಬಾ, ಎಲ್ಲಿ ಕೂತಿದೆ ನೋಡೋಣ’ ಎಂದೆ. ಮೂರನೇ ಲೆಕ್ಕದಿಂದ ಆಚೆ ಎಲ್ಲ ತಪ್ಪು. ಕಾರಣ ಒಂದೇ, ಋಣ ಸಂಖ್ಯೆಯನ್ನು ಕಳೆಯುವುದು ಅವನಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಅರ್ಧ ಗಂಟೆಯ ಕೆಲಸ. ನೋಡಿದ್ದಕ್ಕೆ ನಾನೇನೂ ಫೀಸ್ ತೆಗೆದುಕೊಳ್ಳಲಿಲ್ಲ. ಮನೆಯ ಗಿರಾಕಿ.